ಚಾದ ಕೈ ಬ್ಯಾರೆ, ಕಾಫಿ ಕೈ ಬ್ಯಾರೆ

ತಮ್ಮಾ, ಮುಂಜಾನೆ ನೀ ಮಾಡಿಕೊಟ್ಟ ಕಾಫಿ ಪ್ರೀತಿಲೆ ಕುಡದೆ. ಆದ್ರ ಕಹಿ ಆಗಿತ್ತು. ಪುಡಿ ಚಲೋದ ಐತಿ, ತಪ್ಪಾಗಿದ್ದು ಕುದಿಸೂದ್ರಾಗ. ನಮ್ಮ ಸುಳ್ಳ ಊರಾಗ ಯಾರ ಮನಿ ಕಟ್ಟಿ ಹತ್ತಿದ್ರೂ ಮೊದಲ ಚಾ ಬರತೈತಿ. ಪುಡಿ, ಸಕ್ರಿ, ಹಾಲು ಹಾಕಿ ಕೆಂಪಗಾಗೂತನಕ ಕುದಿಸೂದನ್ನ ಸಣ್ಣಾಂವ ಇದ್ದಾಗಿಂದ ನೋಡೀದಿ. ಚಾಕ್ಕ ಅದ ಸರಿ. ಕಾಫಿಪುಡಿ ಹಂಗ ಕುದ್ರ ಘಮ ಹಬಿ ಜೋಡಿ ಹೋಗಿಬಿಡತೈತಿ, ಕಹಿ ನೀರಿಗೆ ಇಳೀತೈತಿ.

ನಿಮ್ಮ ಅಜ್ಜಗ ಚಿಕ್ಕಮಗಳೂರಿಗೆ ವರ್ಗ ಆದಾಗ ನಾನೂ ಹಿಂಗ ಕುದಿಸತಿದ್ದೆ. ಬಾಜೂ ಮನಿ ಅಮ್ಮಾರು ಕೈ ಹಿಡದು ಕಲಿಸಿದ್ರು. ಅವರ ಮನಿ ಮುಂದ ನಿಂತ್ರ ಬಾಬಾಬುಡನಗಿರಿ ಸಾಲು ಕಾಣತಿತ್ತು. 17ನೇ ಶತಮಾನದಾಗ ಬಾಬಾ ಬುಡನ್ ಅವರು ಯೆಮೆನ್‌ದಿಂದ 7 ಬೀಜ ತಂದು ಅಲ್ಲಿ ಹಾಕಿದ್ರಂತ ಊರಾಗೆಲ್ಲಾ ಹೇಳತಿದ್ರು. ಆ ಅಮ್ಮಾರು ನೀರು ಕುದಿಸಿ, ಒಲಿಯಿಂದ ಇಳಿಸಿ, ಆಮ್ಯಾಲೆ ಪುಡಿ ಹಾಕಿ, ಒಮ್ಮೆ ತಿರುವಿ ಮುಚ್ಚತಿದ್ರು. ಐದು ನಿಮಿಷಕ್ಕ ಪುಡಿ ತಳಾ ಹಿಡೀತಿತ್ತು. ಬಟ್ಟೀಲೆ ಸೋಸಿದ್ರ ಆತು. ಆ ಬಟ್ಟಿಗೆ ಸಾಬಾಣ ಮಾತ್ರ ಹಚ್ಚಬ್ಯಾಡ, ವಾಸನಿ ಬಿಡೂದಿಲ್ಲ.

ನನಗ ಸೇರೂದು ಫಿಲ್ಟರ್ ಕಾಫಿ. ಮ್ಯಾಲಿನ ಡಬ್ಬಿಗೆ ಮೂರು ದೊಡ್ಡ ಚಮಚ ಪುಡಿ ಹಾಕು, ಅಂದ್ರ ಸುಮಾರು 20 ಗ್ರಾಂ. ಒತ್ತಿ ತುಂಬಬ್ಯಾಡ, ನೀರು ಇಳಿಯಾಕ ದಾರಿ ಬೇಕು. ಕುದ್ದ ನೀರು ಅರ್ಧ ನಿಮಿಷ ತಡದು, ಮೊದಲ ಪುಡಿ ತೊಯ್ಯೂವಷ್ಟ ಹಾಕು. ಅದು ಉಬ್ಬಿ ಬರತೈತಿ, ನೋಡಾಕ ಚಂದ. ಆಮ್ಯಾಲೆ ಉಳದ ನೀರು ಹಾಕು, ಎಲ್ಲಾ ಕೂಡಿ 150 ಮಿಲಿಲೀಟರ್. ಇಪ್ಪತ್ತು ನಿಮಿಷ ಮುಟ್ಟಬ್ಯಾಡ. ಬಡದ್ರ, ಅಲುಗಾಡಿಸಿದ್ರ ಡಿಕಾಕ್ಷನ್‌ದಾಗ ಗಸಿ ಬೀಳತೈತಿ.

ಕಾಫಿಪುಡಿಯಾಗ ಕೂಡಿಸೂ ಚಿಕೋರಿ ಒಂದು ಗಿಡದ ಬೇರು, ಹುರದು ಪುಡಿ ಮಾಡಿರತಾರ. ಬಣ್ಣ, ಗಟ್ಟಿತನ ಕೊಡತೈತಿ. ನೂರಕ್ಕ ಎಷ್ಟು ಐತಿ ಅಂತ ಪಾಕೀಟಿನ ಮ್ಯಾಲೆ ಬರದಿರತಾರ, ಓದಿ ತಗೋ. ನನಗ 20ಕ್ಕಿಂತ ಹೆಚ್ಚಾದ್ರ ಕಾಫಿ ರುಚಿನ ಸಿಗೂದಿಲ್ಲ. ಪುಡಿ 100 ಗ್ರಾಂ ತಗೊಂಡು ಹದಿನೈದು ದಿನದಾಗ ಮುಗಿಸು, ಬಿಗಿ ಮುಚ್ಚಳದ ಡಬ್ಬಿಯಾಗ ಇಡು.

ನೀ ತಂದ ಗಾಜಿನ ಪ್ರೆಸ್ಸಿಗೆ ಫಿಲ್ಟರ್ ಪುಡಿ ಹೊಂದೂದಿಲ್ಲ. ದಪ್ಪ ರವಾದಂಗ ಬೀಸಿಸಿಕೊಂಡು ಬಾ. 15 ಗ್ರಾಮಿಗೆ 250 ಮಿಲಿಲೀಟರ್ ನೀರು, ನಾಲ್ಕು ನಿಮಿಷ. ಒತ್ತಿದ ಕೂಡಲೇ ಬಗ್ಗಿಸಿಬಿಡು, ಅದರಾಗ ಬಿಟ್ರ ಕಹಿ ಏರತೈತಿ. ಅದಕ್ಕ ಹಾಲು ಬ್ಯಾಡ.

ಸವಳು ನೀರು ಯಾವುದಕ್ಕೂ ಬ್ಯಾಡ. ಬೋರಿನ ನೀರಿಲೆ ಮಾಡಿದ್ರ ಎಂಥಾ ಪುಡಿನೂ ಮಂಕಾಗತೈತಿ, ಕುಡಿಯೂ ನೀರ ತಗೋ. ಹಾಲಿಂದು ನಮಗ ಚಿಂತಿ ಇಲ್ಲ. ನಮ್ಮ ಧಾರವಾಡಿ ಎಮ್ಮಿಗೆ 2021ರಾಗ ಬ್ಯಾರೆ ತಳಿ ಅಂತ ಮಾನ್ಯತೆ ಸಿಕ್ಕೈತಿ, ಧಾರವಾಡ ಪೇಡೆದ ರುಚಿ ಅದರ ಹಾಲಿಂದ. ಆದ್ರ ಎಮ್ಮಿ ಹಾಲು ಗಟ್ಟಿ, ತೆಳು ಡಿಕಾಕ್ಷನ್‌ನ ನುಂಗಿಬಿಡತೈತಿ. ಎರಡು ಪಾಲು ಹಾಲಿಗೆ ಒಂದು ಪಾಲು ಡಿಕಾಕ್ಷನ್ ಇರಲಿ. ಒಂದ ಉಕ್ಕು ಬಂದ ಹಾಲನ್ನ ಬಿಸಿ ಇದ್ದಂಗ ಹಾಕು. ಡಿಕಾಕ್ಷನ್ ತಿರಗಿ ಒಲಿಮ್ಯಾಲೆ ಇಡಬ್ಯಾಡ.

ನಾಳೆ ನಸುಕಿನಾಗ ನಾ ಎಮ್ಮಿ ಹಿಂಡಾಕ ಹೋದಾಗ ನೀ ಫಿಲ್ಟರಿಗೆ ನೀರು ಹಾಕಿ ಇಡು. ಹಿಂಡಿ ತಂದು ಹಾಲು ಕಾಸೂದ್ರಾಗ ಇಳದಿರತೈತಿ.