ಮೂರನೆಯ ತಂತಿಯ ಮಹತ್ವ

ಮಾನವನಿಗೆ ದೊರೆತ ಸೇವಕರಲ್ಲಿ ವಿದ್ಯುತ್ತು ಅತ್ಯಂತ ಬಲಶಾಲಿಯಾದುದು. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. ಇಂದು ಆ ಶಕ್ತಿಯು ಸಾಮಾನ್ಯ ಕೆಲಸಗಾರನ ಕೈಯಲ್ಲಿರುವ ಸಣ್ಣ ಯಂತ್ರದವರೆಗೂ ಬಂದಿದೆ. ಪುಣೆಯ ಹಿಂಜವಡಿ, ವಾಕಡ, ಖರಾಡಿಗಳಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದ ನಮ್ಮವರು ಅನೇಕರು ದುಡಿಯುತ್ತಾರೆ. ಅವರು ಹಿಡಿಯುವ ಡ್ರಿಲ್ ಯಂತ್ರ, ಫರಸಿ ಕತ್ತರಿಸುವ ಯಂತ್ರ ಮುಂತಾದವು ಸಾಮಾನ್ಯವಾಗಿ 230 ವೋಲ್ಟಿನ ವಿದ್ಯುತ್ತಿನಿಂದ ನಡೆಯುತ್ತವೆ. ಆದುದರಿಂದ ಈ ವಿಷಯವನ್ನು ನಾವು ಪರೀಕ್ಷೆಗಾಗಿ ಮಾತ್ರವಲ್ಲ, ಮನೆಯವರ ಕ್ಷೇಮಕ್ಕಾಗಿಯೂ ತಿಳಿಯಬೇಕು.

"ಫ್ಯೂಜ್ ಇದೆಯಲ್ಲ, ಭಯವೇಕೆ?" ಎಂದು ಕೆಲವರು ಕೇಳುವುದುಂಟು. ಓಮನ ನಿಯಮದಿಂದಲೇ ಇದಕ್ಕೆ ಉತ್ತರ ಕಂಡುಕೊಳ್ಳೋಣ. ಬೆವರಿನಿಂದಲೋ ಮಳೆಯಿಂದಲೋ ತೊಯ್ದ ದೇಹದ ರೋಧವು ಸುಮಾರು 1000 ಓಮ್ ಎಂದಿಟ್ಟುಕೊಳ್ಳಿ. 230ನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಸುಮಾರು 10 ಮಿಲಿ ಆಂಪಿಯರಿನಲ್ಲಿಯೇ ಸ್ನಾಯುಗಳು ಬಿಗಿದು, ಹಿಡಿದ ವಸ್ತುವನ್ನು ಕೈಯು ಬಿಡಲಾರದಂತಾಗುತ್ತದೆ. 30ನ್ನು ಮೀರಿದರೆ ಉಸಿರಿಗೂ ಹೃದಯಕ್ಕೂ ಅಪಾಯ. ಆದರೆ 5 ಆಂಪಿಯರಿನ ಫ್ಯೂಜು ಕರಗಬೇಕಾದರೆ ಈ 230 ಮಿಲಿ ಆಂಪಿಯರಿನ ಇಪ್ಪತ್ತು ಪಟ್ಟಿಗಿಂತಲೂ ಹೆಚ್ಚು ಪ್ರವಾಹ ಬೇಕು. ಫ್ಯೂಜು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಮನುಷ್ಯನನ್ನು ಕಾಯುವವುಗಳಲ್ಲಿ ಮೊದಲನೆಯದು ಭೂಮಿಗೆ ಸೇರುವ ಹಸಿರು ತಂತಿ. ಯಂತ್ರದೊಳಗಿನ ತಂತಿ ಸವೆದು ಲೋಹದ ಮೈಗೆ ತಗಲಿದಾಗ ಪ್ರವಾಹವು ಈ ಸುಲಭಮಾರ್ಗದಿಂದ ಭೂಮಿಗೆ ಇಳಿಯುತ್ತದೆ. ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಉದ್ದವಾಗಿ ಮಾಡಿರುವುದು ಅದು ಎಲ್ಲಕ್ಕಿಂತ ಮೊದಲು ಸೇರಿ ಕೊನೆಗೆ ಬಿಡಲೆಂದು. ಪ್ಲಗ್ಗನ್ನು ಕತ್ತರಿಸಿ, ಎರಡೇ ತಂತಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸುವವರು ಈ ರಕ್ಷಣೆಯನ್ನು ತಾವೇ ಕಿತ್ತೆಸೆದಂತೆ. ಇಮ್ಮಡಿ ಹೊದಿಕೆಯ ಯಂತ್ರಗಳಿಗೆ ಮಾತ್ರ ಮೂರನೆಯ ತಂತಿ ಇರುವುದಿಲ್ಲ. ಚೌಕದೊಳಗೊಂದು ಚೌಕವು ಅವುಗಳ ಗುರುತು. ಅವು ಸಹ ನೀರಿನಲ್ಲಿ ನೆನೆಯಬಾರದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪುಣೆಯು ಕರಿಯ ಬಸಾಲ್ಟ್ ಬಂಡೆಯ ನಾಡು. ಒಣಗಿದ ಬಂಡೆಯು ಹಸಿ ಮಣ್ಣಿನಷ್ಟು ಸುಲಭವಾಗಿ ವಿದ್ಯುತ್ತನ್ನು ಒಯ್ಯದು. ಭೂಸಂಪರ್ಕದ ರೋಧವು 20 ಓಮ್ ಇದ್ದರೆ ಹರಿಯುವ ಪ್ರವಾಹ 11.5 ಆಂಪಿಯರ್ ಮಾತ್ರ. ಅದರಿಂದ 15 ಆಂಪಿಯರಿನ ಫ್ಯೂಜು ಕರಗದು, ಯಂತ್ರದ ಮೈಯಲ್ಲಿ ವಿದ್ಯುತ್ತು ಹಾಗೆಯೇ ಉಳಿಯುವುದು.

ಆದಕಾರಣ ಎರಡನೆಯ ರಕ್ಷಕನೂ ಬೇಕು. ಅದು ಸೋರಿಕೆಯನ್ನು ಗುರುತಿಸುವ ಸ್ವಿಚ್ಚು. ಅಂಗಡಿಯಲ್ಲಿ ಅದಕ್ಕೆ ಆರ್‌ಸಿಸಿಬಿ ಎನ್ನುತ್ತಾರೆ. ಹೋದ ಪ್ರವಾಹವನ್ನೂ ಮರಳಿದ ಪ್ರವಾಹವನ್ನೂ ಅದು ಲೆಕ್ಕದ ಗುಮಾಸ್ತನಂತೆ ಹೋಲಿಸುತ್ತದೆ. 30 ಮಿಲಿ ಆಂಪಿಯರಿನಷ್ಟು ಕೊರತೆ ಬಿದ್ದರೂ ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ವಿದ್ಯಾರ್ಥಿಗಳೇ, ನಿಮ್ಮ ತಂದೆ, ಅಣ್ಣ, ಕಾಕಾ ಇಂಥ ಕೆಲಸ ಮಾಡುತ್ತಿದ್ದರೆ ಈ ಮಾತುಗಳನ್ನು ತಿಳಿಸಿರಿ: ವೈರು ಹರಿದ ಯಂತ್ರವನ್ನು ಮುಟ್ಟಬಾರದು; ವೈರಿನ ಕೂಡಿಕೆಯನ್ನು ನೀರಿನಲ್ಲಿ ಬಿಡಬಾರದು; ಬ್ಲೇಡು ಬದಲಿಸುವ ಮೊದಲು ಪ್ಲಗ್ಗನ್ನು ಕೀಳಬೇಕು. ಯಾರಿಗಾದರೂ ವಿದ್ಯುತ್ತು ತಗಲಿದರೆ ಅವರನ್ನು ಕೈಯಿಂದ ಎಳೆಯದೆ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಾಗದಿದ್ದರೆ ಒಣಗಿದ ಹಲಗೆಯ ಮೇಲೆ ನಿಂತು, ಒಣಗಿದ ಕಟ್ಟಿಗೆಯಿಂದ ತಂತಿಯನ್ನು ದೂರ ಸರಿಸಬೇಕು. ಕೂಡಲೇ 108ಕ್ಕೆ ಕರೆ ಮಾಡಬೇಕು. ಉಸಿರು ನಿಂತಿದ್ದರೆ, ನೆರವು ಬರುವವರೆಗೂ ಎದೆಯ ನಡುಭಾಗವನ್ನು ಬಲವಾಗಿ, ಬೇಗಬೇಗನೆ ಒತ್ತುತ್ತಿರಬೇಕು.

ಒಳ್ಳೆಯ ಪ್ಲಗ್ಗನ್ನೂ ಸ್ವಿಚ್ಚನ್ನೂ ಗುತ್ತಿಗೆದಾರನಲ್ಲಿ ಕೇಳುವುದು ಭಿಕ್ಷೆಯಲ್ಲ. ಕೆಲಸಗಾರನ ಸುರಕ್ಷತೆಯು ಕೆಲಸ ಕೊಟ್ಟವನ ಹೊಣೆ ಎಂದು ಕಾಯಿದೆಯೇ ಹೇಳುತ್ತದೆ. ಕೇಳಲು ನಮ್ಮವರು ಸಂಕೋಚಪಡಬಾರದು. ಏಕೆ ಕೇಳಬೇಕೆಂಬುದನ್ನು ಅವರಿಗೆ ಮನವರಿಕೆ ಮಾಡುವುದು ಓದು ಬಲ್ಲ ನಿಮ್ಮ ಕರ್ತವ್ಯ.