ಗಾಡಿಯ ನಂಬರೂ ಖಾತೆಯ ಸಾಕ್ಷಿಯೂ

ವಾಚನಾಲಯಕ್ಕೆ ಬರುವ ಮೋಟಾರು ಪತ್ರಿಕೆಗಳ ಹಾಳೆಗಳು ಉಳಿದವುಗಳಿಗಿಂತ ಬೇಗ ಸವೆಯುತ್ತವೆ. ಗಾಡಿ ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ ಎಂಬುದು ಬೇರೆ ಮಾತು; ನೋಡುವುದಕ್ಕಂತೂ ದುಡ್ಡು ಬೇಕಿಲ್ಲ. ಆ ಪತ್ರಿಕೆಗಳಲ್ಲಿ ಹಳೆಯ ಇಟಲಿ ಕಾರುಗಳ ಚಿತ್ರದ ಕೆಳಗೆ ‘ಮ್ಯಾಚಿಂಗ್ ನಂಬರ್ಸ್’ ಎಂದು ಬರೆದಿರುತ್ತಾರೆ. ಹಾಗೆಂದರೇನು, ಅದಕ್ಕೆ ಅಷ್ಟು ಬೆಲೆ ಏಕೆ ಎಂದು ಕೆಲವು ಮಿತ್ರರು ಕೇಳಿದ್ದಾರೆ. ಅವರಿಗಾಗಿ ಈ ಪಾಠವನ್ನು ಬರೆದಿದ್ದೇವೆ.

ಬೆಲೆಯ ಮಾತನ್ನೇ ಮೊದಲು ನೋಡೋಣ. 2023ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1962ರ ಫೆರಾರಿ 250 ಜಿಟಿಒ ಕಾರೊಂದು 5 ಕೋಟಿ 17 ಲಕ್ಷ ಡಾಲರಿಗೆ ಹೋಯಿತು. ಅಂದಿನ ದರದಲ್ಲಿ ನಮ್ಮ ಸುಮಾರು 430 ಕೋಟಿ ರೂಪಾಯಿ. ಅದೇ ಅಳತೆ, ಅದೇ ಆಕಾರದ ನಕಲು ಕಾರನ್ನು ಕುಶಲ ಕಮ್ಮಾರರು ಇಂದೂ ಮಾಡಬಲ್ಲರು. ಆ ನಕಲಿಗೆ ಇದರ ಒಂದು ಪಾಲೂ ಬೆಲೆ ಇಲ್ಲ. ಹಾಗಾದರೆ ಕೊಂಡವರು ಹಣ ಕೊಟ್ಟದ್ದು ಬರಿಯ ಲೋಹಕ್ಕಲ್ಲ. ಅದು 3765 ಎಂಬ ಚಾಸಿ ನಂಬರಿನ ಗಾಡಿಯೇ ಹೌದು ಎಂಬ ರುಜುವಾತಿಗೆ.

ಎರಡು ನಂಬರುಗಳು

ಗಾಡಿಯ ಅಸ್ಥಿಪಂಜರಕ್ಕೆ ಚಾಸಿ ಎನ್ನುತ್ತೇವೆ. ಅದರ ಮೇಲೆ ಒಂದು ನಂಬರು, ಎಂಜಿನ್ನಿನ ಮೇಲೆ ಇನ್ನೊಂದು ನಂಬರು. ಕಾರ್ಖಾನೆಯಲ್ಲಿ ಇವನ್ನು ಉಕ್ಕಿನ ಅಚ್ಚಿನಿಂದ ಲೋಹಕ್ಕೇ ಹೊಡೆಯುತ್ತಾರೆ. ಇದಲ್ಲದೆ ನಂಬರು ಕೊರೆದ ತಗಡಿನ ಬಿಲ್ಲೆಯನ್ನೂ ರಿವೆಟ್ ಹಾಕಿ ಕೂಡಿಸಿರುತ್ತಾರೆ. ಬಿಲ್ಲೆಯನ್ನು ಕಿತ್ತು ಬೇರೆ ಗಾಡಿಗೆ ಹಾಕಲು ಅರ್ಧ ಗಂಟೆ ಸಾಕು. ಆದ್ದರಿಂದ ನಂಬಿಕೆಯ ಕ್ರಮ ಹೀಗಿರತಕ್ಕದ್ದು: ಮೊದಲು ಲೋಹದ ಅಚ್ಚು, ಆಮೇಲೆ ಕಾಗದಪತ್ರ, ಅನಂತರ ಬಿಲ್ಲೆ, ಎಲ್ಲಕ್ಕೂ ಕೊನೆಗೆ ಮಾರುವವರ ಮಾತು. ಗಿರಣಿಯಲ್ಲಿ ಕೆಲಸ ಮಾಡುವವರಿಗೆ ಇದು ಹೊಸತಲ್ಲ. ಬೇಲಿನ ಮೇಲಿನ ಮಾರ್ಕೂ ರವಾನೆ ರಿಜಿಸ್ಟರೂ ತಾಳೆಯಾಗದಿದ್ದರೆ, ಕಟ್ಟಿದ ಚೀಟಿ ಏನೇ ಹೇಳಲಿ, ಮಾಲು ಗೇಟು ದಾಟುವುದಿಲ್ಲ.

ಒಂದು ಅಕ್ಷರದ ಅಂತರ

ಮಿಲಾನಿನ ಆಲ್ಫಾ ರೋಮಿಯೊ ಕಂಪನಿ 1963ರಲ್ಲಿ ಜೂಲಿಯಾ ಸ್ಪ್ರಿಂಟ್ ಜಿಟಿ ಎಂಬ ಎರಡು ಬಾಗಿಲಿನ ಕಾರನ್ನು ಹೊರತಂದಿತು. 1965ರಲ್ಲಿ ಪಂದ್ಯಕ್ಕಾಗಿ ಅದೇ ಆಕಾರದ ಜಿಟಿಎ ಬಂದಿತು. ಎ ಎಂದರೆ ‘ಅಲೆಜೆರಿತಾ’, ಹಗುರ ಮಾಡಿದ್ದು ಎಂದರ್ಥ. ಹೊರಮೈಗೆ ಉಕ್ಕಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಹಾಕಿದರು. ತೂಕ ಸುಮಾರು 950 ಕಿಲೋದಿಂದ 745 ಕಿಲೋಗೆ ಇಳಿಯಿತು. ನಾಲ್ಕು ಸಿಲಿಂಡರಿಗೆ ನಾಲ್ಕರ ಬದಲು ಎಂಟು ಪ್ಲಗ್ಗುಗಳಾದವು. 1600 ಸಿಸಿ ವರ್ಗದ ಈ ಜಿಟಿಎ ತಯಾರಾದದ್ದು ಸುಮಾರು 500 ಮಾತ್ರ. ಸಾದಾ ಸ್ಪ್ರಿಂಟ್ ಜಿಟಿಗಳಾದರೋ ಸಾವಿರಗಟ್ಟಲೆ ಇದ್ದವು. ಸಾದಾ ಗಾಡಿಗೆ ಜಿಟಿಎ ವೇಷ ಹಾಕುವ ಆಸೆ ಎಲ್ಲಿಂದ ಹುಟ್ಟುತ್ತದೆಂದು ವಾಚಕರೇ ಊಹಿಸಬಹುದು.

ಈಗ ನಂಬರುಗಳನ್ನು ನೋಡಿರಿ. ಸಾದಾ ಗಾಡಿಯ ಎಂಜಿನ್ ಜಾತಿ ಎಆರ್ 00502. ಜಿಟಿಎಯದು ಎಆರ್ 00502/ಎ. ಒಂದು ಗೆರೆ, ಒಂದು ಅಕ್ಷರ, ಅಷ್ಟೇ ವ್ಯತ್ಯಾಸ. ಎಡಗಡೆ ಸ್ಟೀರಿಂಗಿನ ಜಿಟಿಎ ಚಾಸಿ ನಂಬರು ಎಆರ್ 613 ಎಂದು ಮೊದಲಾಗುತ್ತದೆ. ಸಾದಾ ಸ್ಪ್ರಿಂಟ್ ಜಿಟಿಯ ಸಾಲು ಎಆರ್ 600 ಎಂದು ಆರಂಭವಾದದ್ದು. ಬಾಗಿಲಿನ ಹೊರಮೈಗೆ ಸಣ್ಣ ಅಯಸ್ಕಾಂತ ಹಿಡಿದರೆ ಉಕ್ಕಿಗೆ ಅಂಟುತ್ತದೆ, ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ. ಆದರೆ ತಗಡನ್ನು ಬದಲಾಯಿಸಬಹುದು, ಎಂಟು ಪ್ಲಗ್ಗಿನ ಎಂಜಿನ್ ಹೆಡ್ಡನ್ನೂ ತಂದು ಕೂಡಿಸಬಹುದು. ಆದ್ದರಿಂದ ಯಾವುದೇ ಒಂದು ಗುರುತನ್ನು ಹಿಡಿದು ತೀರ್ಮಾನ ಮಾಡಬಾರದು. ಚಾಸಿ, ಎಂಜಿನ್, ತಗಡು, ಕಾಗದ, ಇವೆಲ್ಲ ಒಂದೇ ಕಥೆ ಹೇಳಬೇಕು.

ಅಚ್ಚನ್ನು ಪರೀಕ್ಷಿಸುವ ಬಗೆ

ಜಾಗವನ್ನು ಚೊಕ್ಕ ಮಾಡಿ, ಒಂದು ಪಕ್ಕದಿಂದ ಓರೆಯಾಗಿ ದೀಪ ಹಿಡಿಯಬೇಕು. ಅಂಕೆಗಳ ಎತ್ತರ, ಆಳ, ನಡುವಣ ಅಂತರ ಆ ಕಾರ್ಖಾನೆಯ ರೂಢಿಗೆ ಸರಿಹೊಂದುತ್ತವೆಯೇ? ಸುತ್ತಲಿನ ಲೋಹಕ್ಕಿಂತ ಆ ಜಾಗ ತಗ್ಗಾಗಿದೆಯೇ? ಅರದ ಗೀಚು, ವೆಲ್ಡಿಂಗಿನ ಕಲೆ ಇದೆಯೇ? ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ಲಿನಿಂದ ತಿಕ್ಕಿದರೆ ಅಚ್ಚಿನ ಪಡಿಯಚ್ಚು ಸಿಗುತ್ತದೆ. ಅದನ್ನು ಅದೇ ಕಾಲದ ಬೇರೆ ಗಾಡಿಯ ಪ್ರತಿಯೊಡನೆ ಹೋಲಿಸಬಹುದು.

ಅಚ್ಚಿನ ಪೆಟ್ಟು ಬಿದ್ದಾಗ ಅಂಕೆಯ ಕೆಳಗಿನ ಲೋಹವೂ ಒತ್ತಿಕೊಂಡು ಬಿಗಿಯಾಗಿರುತ್ತದೆ. ಮೇಲಿನ ಅಂಕೆಯನ್ನು ಉಜ್ಜಿ ತೆಗೆದರೂ, ತೀರ ಆಳಕ್ಕೆ ಉಜ್ಜಿಲ್ಲವಾದರೆ, ಪ್ರಯೋಗಾಲಯದವರು ಆಮ್ಲ ಸವರಿ ಹಳೆಯ ಅಂಕೆಯ ನೆರಳನ್ನು ಮತ್ತೆ ಕಾಣಿಸಬಲ್ಲರು. ಅಳಿಸಿದವನ ಕಣ್ಣಿಗೆ ಹೋದ ಅಂಕೆ ಲೋಹದ ನೆನಪಿನಿಂದ ಹೋಗಿರುವುದಿಲ್ಲ.

ಎರಡು ಕಾರ್ಖಾನೆ, ಎರಡು ಪದ್ಧತಿ

‘ಮ್ಯಾಚಿಂಗ್’ ಎಂದರೆ ಎರಡೂ ಕಡೆ ಒಂದೇ ಅಂಕೆ ಎಂದು ಹಲವರು ತಿಳಿದಿದ್ದಾರೆ. ಮಾರನೆಲ್ಲೊ ಊರಿನ ಫೆರಾರಿಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಬಹುಮಟ್ಟಿಗೆ ಹಾಗೆಯೇ ಇತ್ತು. ಚಾಸಿಯ ನಂಬರನ್ನೇ ಎಂಜಿನ್ನಿಗೂ ಹೊಡೆಯುತ್ತಿದ್ದರು. ಅದರ ಜೊತೆಗೆ ಎಂಜಿನ್ನಿಗೆ ‘ನೂಮೆರೊ ಇಂತೆರ್ನೊ’ ಎಂಬ ಒಳನಂಬರು ಬೇರೆ ಇರುತ್ತಿತ್ತು. ಹೊರನಂಬರನ್ನು ತಿದ್ದಿದವನು ಒಳನಂಬರಿನಲ್ಲಿ ಸಿಕ್ಕಿಬೀಳುವುದುಂಟು. ರಸ್ತೆಯ ಗಾಡಿಗಳಿಗೂ ಜಿಟಿ ವರ್ಗಕ್ಕೂ ಸಾಮಾನ್ಯವಾಗಿ ಬೆಸ ನಂಬರು, ಶುದ್ಧ ಪಂದ್ಯದ ಗಾಡಿಗಳಿಗೆ ಸಮ ನಂಬರು ಎಂಬ ರೂಢಿಯೂ ಇತ್ತು. ಮೇಲೆ ಹೇಳಿದ 3765 ಬೆಸ ಎಂಬುದನ್ನು ಗಮನಿಸಿರಿ.

ಆಲ್ಫಾ ರೋಮಿಯೊದಲ್ಲಿ ಎಂಜಿನ್ನಿನ ಸಾಲೇ ಬೇರೆ, ಚಾಸಿಯ ಸಾಲೇ ಬೇರೆ. ಎರಡೂ ಅಂಕೆ ಒಂದೇ ಆಗಿದ್ದರೆ ಅದೇ ಸಂಶಯಕ್ಕೆ ಕಾರಣ! ಅಲ್ಲಿ ಕಣ್ಣಿನ ಕೆಲಸ ಮುಗಿದು ಖಾತೆಯ ಕೆಲಸ ಮೊದಲಾಗುತ್ತದೆ. ಮಿಲಾನಿನ ಬಳಿಯ ಅರೇಸೆಯಲ್ಲಿ ಕಂಪನಿಯ ದಾಖಲೆ ಕೇಂದ್ರವಿದೆ. ಚಾಸಿ ನಂಬರು ಬರೆದು ಕೇಳಿದರೆ ಗಾಡಿ ಎಂದು ತಯಾರಾಯಿತು, ಯಾವ ಬಣ್ಣವಿತ್ತು, ಎಲ್ಲಿಗೆ ಮಾರಾಟವಾಯಿತು ಎಂಬುದನ್ನು ಅಲ್ಲಿಯ ಹಳೆಯ ಪುಸ್ತಕ ನೋಡಿ ತಿಳಿಸುತ್ತಾರೆ. ಇಟಲಿ ಸರ್ಕಾರದ ಮೋಟಾರು ನೋಂದಣಿ ಖಾತೆ 1927ರಲ್ಲಿ ಸ್ಥಾಪನೆಯಾದದ್ದು. ಗಾಡಿ ಯಾರಿಂದ ಯಾರಿಗೆ ಹೋಯಿತೆಂಬ ಸರಣಿ ಅದರಲ್ಲಿ ದಾಖಲಾಗುತ್ತದೆ. ಎಂದೋ ಒಬ್ಬ ಗುಮಾಸ್ತ ಬೇಸರಪಡದೆ ಬರೆದಿಟ್ಟ ಒಂದು ಸಾಲು ಅರವತ್ತು ವರ್ಷಗಳ ಮೇಲೆ ಕೋಟಿಗಟ್ಟಲೆ ಹಣದ ಮೋಸವನ್ನು ತಡೆಯುತ್ತದೆ. ನಮ್ಮಂಥ ಬರಹದ ಕೆಲಸದವರು ಇದನ್ನು ನೆನಪಿಡಬೇಕು.

ಎಂಜಿನ್ ಬದಲಾಗಿದ್ದ ಮಾತ್ರಕ್ಕೆ ಮೋಸವೆನ್ನಲಾಗದು. ಪಂದ್ಯದಲ್ಲಿ ಎಂಜಿನ್ ಒಡೆಯುತ್ತದೆ, ಕಾರ್ಖಾನೆಯೇ ಬೇರೆಯದನ್ನು ಕೂಡಿಸಿ ಕೊಡುತ್ತದೆ. ಅದನ್ನು ಹೇಳಿ ಮಾರಿದರೆ ವ್ಯಾಪಾರ, ಮುಚ್ಚಿ ಮಾರಿದರೆ ಮೋಸ.

ನಂಬರು ಸರಿ, ಒಡೆತನ?

ನಂಬರು ನಿಜವಾದರೂ ಒಂದು ಪ್ರಶ್ನೆ ಉಳಿಯುತ್ತದೆ. 1954ರ ಫೆರಾರಿ 375 ಪ್ಲಸ್ ಎಂಬ ಪಂದ್ಯದ ಕಾರು, ನಂಬರು 0384 ಎಎಂ, ಅಮೆರಿಕದ ಓಹಾಯೊ ಸಂಸ್ಥಾನದಲ್ಲಿತ್ತು. 1980ರ ದಶಕದಲ್ಲಿ ಅದು ಕಳುವಾಗಿ ಬೆಲ್ಜಿಯಮ್ಮಿಗೆ ಸಾಗಿತು. ಕೆಲವು ಭಾಗಗಳು ಮೊದಲಿನ ಒಡೆಯರ ಬಳಿಯೇ ಉಳಿದವು. 2014ರಲ್ಲಿ ಇಂಗ್ಲೆಂಡಿನ ಗುಡ್‌ವುಡ್ಡಿನಲ್ಲಿ ಹರಾಜಾಗಿ ಒಂದು ಕೋಟಿ ಪೌಂಡಿಗೂ ಮೇಲೆ ಬಂದಿತು. ಅಷ್ಟಕ್ಕೇ ಮುಗಿಯದೆ ಒಡೆತನದ ವ್ಯಾಜ್ಯ ಲಂಡನ್ ನ್ಯಾಯಾಲಯಕ್ಕೆ ಹೋಯಿತು. ನಂಬರು ಗಾಡಿ ಯಾವುದೆಂದು ಹೇಳುತ್ತದೆ, ಯಾರದೆಂದು ಹೇಳುವುದಿಲ್ಲ. ಅದನ್ನು ಹೇಳತಕ್ಕದ್ದು ಮಾರಾಟಪತ್ರಗಳ ಸರಣಿ.

ನಮಗೆ ಉಪಯೋಗ

ಫೆರಾರಿ ನಮ್ಮ ಪಾಲಿಗಿಲ್ಲ. ಹಳೆಯ ಸ್ಕೂಟರು, ಆಟೋ ಕೊಳ್ಳುವ ಪ್ರಸಂಗ ಬರುತ್ತದೆ. ವರ್ಷದ ಉಳಿತಾಯವೆಲ್ಲ ಅದಕ್ಕೇ ಹೋಗುವುದುಂಟು. ವಿಧಾನ ಮಾತ್ರ ಇದೇ. ಆರ್‌ಸಿಯಲ್ಲಿ ಬರೆದ ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನ ಅಚ್ಚಿನೊಡನೆ ಒಂದೊಂದೇ ಅಂಕೆಯಾಗಿ ತಾಳೆ ನೋಡಿರಿ. ಈಗಿನ ಗಾಡಿಗಳ 17 ಅಂಕೆ-ಅಕ್ಷರಗಳ ಚಾಸಿ ನಂಬರಿನಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳು ಬರುವುದಿಲ್ಲ. ಕಂಡರೆ ಅದು ಒಂದು ಅಥವಾ ಸೊನ್ನೆ ಇರಬೇಕು, ಇಲ್ಲವೇ ಯಾರೋ ಕೈಯಾಡಿಸಿರಬೇಕು. ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿದೆಯೇ, ಸಾಲದ ಹೊರೆ ನಮೂದಾಗಿದೆಯೇ ಕೇಳಿರಿ. ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು ಬೇಕು. ಇಲ್ಲಿ ಕೊಂಡ ಗಾಡಿಯನ್ನು ಊರಿಗೆ ಒಯ್ದು ಅಲ್ಲಿ ನೋಂದಾಯಿಸುವವರಿಗೆ ಇಲ್ಲಿಯ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರವೂ, ಅಂದರೆ 28ನೆಯ ನಮೂನೆಯೂ ಬೇಕು. ‘ನಮ್ಮೂರಿನವನೇ, ಕಾಗದ ಆಮೇಲೆ ಕೊಡುತ್ತಾನೆ’ ಎಂಬ ಮಾತಿಗೆ ಮರುಳಾಗಿ ಮುಂಗಡ ಕೊಡಬಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮನನಕ್ಕೆ ಪ್ರಶ್ನೆಗಳು

1. ಬಿಲ್ಲೆಗಿಂತ ಲೋಹದ ಅಚ್ಚನ್ನು ಏಕೆ ಹೆಚ್ಚು ನಂಬಬೇಕು?
2. ಆಲ್ಫಾ ರೋಮಿಯೊದಲ್ಲಿ ಚಾಸಿ, ಎಂಜಿನ್ ಎರಡಕ್ಕೂ ಒಂದೇ ನಂಬರಿದ್ದರೆ ಸಂಶಯಪಡುವುದೇಕೆ?
3. ನಂಬರು ಸರಿಯಿದ್ದೂ ಗಾಡಿ ಕೊಂಡವರು ಕಷ್ಟಕ್ಕೆ ಸಿಗುವುದು ಹೇಗೆ?

ಉತ್ತರ ಬರೆದು ಪುಸ್ತಕ ಕೊಡುವ ಮೇಜಿನ ಮೇಲಿಟ್ಟರೆ ನೋಡಿ ತಿದ್ದಿ ಕೊಡುತ್ತೇವೆ. ಹಳೆಯ ಗಾಡಿ ಕೊಳ್ಳುವ ವಿಚಾರದಲ್ಲಿರುವವರು ಆರ್‌ಸಿಯ ಪ್ರತಿಯನ್ನೂ ನಂಬರಿನ ಪೆನ್ಸಿಲ್ ಅಚ್ಚನ್ನೂ ತಂದರೆ, ಹಣ ಕೊಡುವ ಮೊದಲು ಕೂಡಿ ಕುಳಿತು ತಾಳೆ ನೋಡೋಣ.