ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಾಯಿಸುವುದು ಹೇಗೆ?

 

ಕಾರಿನ ಇಂಜಿನ್ ತಲೆಯ ಮೇಲೆ ಒಂದು ಉದ್ದನೆಯ ಮುಚ್ಚಳ ಇರುತ್ತದೆ. ಪುಸ್ತಕದಲ್ಲಿ ಅದರ ಹೆಸರು ವಾಲ್ವ್ ಕವರ್. ನಮ್ಮ ಕಡೆ ಮೆಕ್ಯಾನಿಕ್‌ಗಳು ಟ್ಯಾಪೆಟ್ ಕವರ್ ಅಂತಾರೆ. ಅದರ ಅಡಿಯಲ್ಲಿರುವ ಗ್ಯಾಸ್ಕೆಟ್‌ಗೆ ಪ್ಯಾಕಿಂಗ್ ಅಂತಾರೆ. ಅದನ್ನು ನಮ್ಮ ಮನೆ ಅಂಗಳದಲ್ಲೇ ಬದಲಾಯಿಸಿದೆವು. ಅದರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಡೆದ ಸಂಗತಿ

ನಮ್ಮ ಸೋದರಮಾವನ ಹತ್ತಿರ 1489 ಸಿ.ಸಿ. ಪೆಟ್ರೋಲ್ ಇಂಜಿನ್ನಿನ ಹಳೇ ಅಂಬಾಸಿಡರ್ ಕಾರು ಇದೆ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಯಿತು. ಆದರೂ ರಾತ್ರಿ ಹೊತ್ತು ಯಾರಿಗಾದರೂ ಹುಷಾರಿಲ್ಲ ಅಂದರೆ ಊರವರು ತಟ್ಟುವುದು ಮಾವನ ಬಾಗಿಲನ್ನೇ.

ಹೋದ ಮಳೆಗಾಲದಲ್ಲಿ ಮಾವ ಒಬ್ಬ ಬಸುರಿ ಅಕ್ಕನನ್ನು ಆಸ್ಪತ್ರೆಗೆ ಕರಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಬಾನೆಟ್‌ನಿಂದ ಹೊಗೆ ಬಂತು, ಸುಟ್ಟ ಎಣ್ಣೆಯ ವಾಸನೆ ಬಂತು. ಟ್ಯಾಪೆಟ್ ಕವರ್ ಅಂಚಿನಿಂದ ಇಂಜಿನ್ ಆಯಿಲ್ ಸೋರಿ, ಕೆಂಡದ ಹಾಗೆ ಕಾದ ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿತ್ತು. ಅದು ಆರುವವರೆಗೂ ಅರ್ಧ ಗಂಟೆ ರಸ್ತೆ ಬದಿಯಲ್ಲೇ ಕಾಯಬೇಕಾಯಿತು. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಮಾವನಿಗೆ ಆ ಅರ್ಧ ಗಂಟೆ ಮರೆಯಲೇ ಇಲ್ಲ.

ಮರುದಿನ ಮಾವ ದೊಡ್ಡ ಪಾನಾ ಹಾಕಿ ಮುಚ್ಚಳದ ನಟ್ಟುಗಳನ್ನು ಜೋರಾಗಿ ಬಿಗಿ ಮಾಡಿದರು. ಸೋರುವುದು ಇನ್ನೂ ಜಾಸ್ತಿಯಾಯಿತು! ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜ ಬಂದರು. ಅವರು ಮೊದಲು ಲಾರಿ ಡ್ರೈವರ್ ಆಗಿದ್ದವರು. "ಎಲಾ ಇವನಾ! ಅದು ತಗಡಿನ ಮುಚ್ಚಳ ಕಣಪ್ಪಾ, ಲಾರಿ ಚಕ್ರ ಅಲ್ಲ. ಪ್ಯಾಕಿಂಗ್ ಸತ್ತು ಹೋಗೈತೆ. ಸತ್ತಿದ್ದನ್ನ ಹಿಂಡಿದ್ರೆ ಏನು ಬಂತು?" ಅಂದರು.

ಪ್ಯಾಕಿಂಗ್ ಯಾಕೆ ಬೇಕು?

ಮುಚ್ಚಳದ ಒಳಗೆ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳು ಕುಣಿಯುತ್ತಿರುತ್ತವೆ. ಈ ಇಂಜಿನ್ನಿಗೆ 4 ಸಿಲಿಂಡರ್, 8 ವಾಲ್ವ್. ಅವು ಸವೆಯದಂತೆ ಆಯಿಲ್ ಮೇಲಕ್ಕೆ ಬಂದು ಎಲ್ಲಾ ಕಡೆ ಚಿಮ್ಮುತ್ತದೆ. ಲೋಹದ ಮೇಲೆ ಲೋಹ ಎಷ್ಟು ಒತ್ತಿದರೂ ಕೂದಲೆಳೆಯಷ್ಟು ಸಂದು ಉಳಿದೇ ಉಳಿಯುತ್ತದೆ. ಆ ಸಂದನ್ನು ತುಂಬುವುದೇ ಪ್ಯಾಕಿಂಗ್ ಕೆಲಸ.

ಇದರ ಪ್ಯಾಕಿಂಗ್ ಕಾರ್ಕ್‌ನದು. ಕಾರ್ಕ್ ಅಂದರೆ ಒಂದು ಜಾತಿಯ ಓಕ್ ಮರದ ತೊಗಟೆ. ಪೋರ್ಚುಗಲ್ ದೇಶದಲ್ಲಿ ಇದನ್ನು ಹೆಚ್ಚಾಗಿ ಬೆಳೆಯುತ್ತಾರೆ. ನಮ್ಮ ವಿಜ್ಞಾನ ಪಾಠ ನೆನಪಿದೆಯಾ? 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಜೇನುಗೂಡಿನಂಥ ಕೋಶಗಳನ್ನು ಕಂಡದ್ದು ಇದೇ ಕಾರ್ಕ್‌ನಲ್ಲಿ. ಆ ಕೋಶಗಳಲ್ಲಿ ಗಾಳಿ ತುಂಬಿರುವುದರಿಂದ ಕಾರ್ಕ್ ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ. ವರ್ಷಗಟ್ಟಲೆ ಕಾದು ಕಾದು ಅದು ಗಟ್ಟಿಯಾಗಿ, ಮುರುಟಿಕೊಂಡು ಈ ಗುಣ ಕಳೆದುಕೊಳ್ಳುತ್ತದೆ. ಆಗ ಎಷ್ಟು ಬಿಗಿ ಮಾಡಿದರೂ ತಗಡು ಬಗ್ಗುತ್ತದೆಯೇ ಹೊರತು ಸಂದು ಮುಚ್ಚುವುದಿಲ್ಲ.

ಬೇಕಾಗುವ ಸಾಮಾನು

ಹೊಸ ಪ್ಯಾಕಿಂಗ್, ನಟ್ಟುಗಳ ಕೆಳಗಿನ ಹೊಸ ರಬ್ಬರ್‌ಗಳು, ಸರಿಯಾದ ಅಳತೆಯ ಪಾನಾ, ಮೊಂಡು ಚಾಕು, ಗ್ಯಾಸ್ಕೆಟ್ ಅಂಟು, ಸ್ವಲ್ಪ ಗ್ರೀಸ್, ಸ್ವಲ್ಪ ಡೀಸೆಲ್, ಹಳೇ ಬನಿಯನ್ ಬಟ್ಟೆ.

ಮಾಡುವ ವಿಧಾನ

1. ಮೊದಲು ಸೋರುವ ಜಾಗ ಖಚಿತ ಮಾಡಿಕೊಳ್ಳಿ. ಎಣ್ಣೆ ಮೇಲಿಂದ ಕೆಳಗೆ ಇಳಿಯುತ್ತದೆ. ಆದ್ದರಿಂದ ಎಲ್ಲಾ ಒರೆಸಿ, ಸ್ವಲ್ಪ ಹೊತ್ತು ಇಂಜಿನ್ ಓಡಿಸಿ, ಎಲ್ಲಕ್ಕಿಂತ ಮೇಲೆ ಒದ್ದೆಯಾದ ಜಾಗ ಯಾವುದು ನೋಡಿ.

2. ಇಂಜಿನ್ ಪೂರ್ತಿ ತಣ್ಣಗಾಗಲಿ. ಕೀಲಿ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ.

3. ಮುಚ್ಚಳದ ಸುತ್ತಲಿನ ಧೂಳು ಒರೆಸಿ. ಮುಚ್ಚಳಕ್ಕೆ ಸೇರಿದ ಉಸಿರು ಪೈಪು ಬಿಚ್ಚಿ ಅದು ಕಟ್ಟಿಕೊಂಡಿದೆಯಾ ನೋಡಿ. ಅದು ಕಟ್ಟಿದರೆ ಒಳಗಿನ ಒತ್ತಡ ಹೆಚ್ಚಿ ಹೊಸ ಪ್ಯಾಕಿಂಗ್ ಹಾಕಿದರೂ ಎಣ್ಣೆ ಹೊರಗೆ ಬರುತ್ತದೆ.

4. ಮೇಲಿನ ಎರಡು ನಟ್ಟು ಬಿಚ್ಚಿ. ಮುಚ್ಚಳ ಅಂಟಿಕೊಂಡಿದ್ದರೆ ಅಂಗೈಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಸ್ಕ್ರೂ ಡ್ರೈವರ್ ತುರುಕಿ ಮೀಟಬೇಡಿ, ಗೀರು ಬಿದ್ದರೆ ಅಲ್ಲಿಂದಲೇ ಸೋರುತ್ತದೆ.

5. ಒಳಗಿನ ಭಾಗಗಳ ಮೇಲೆ ಶುಭ್ರ ಬಟ್ಟೆ ಹೊದಿಸಿ, ಹಳೇ ಕಾರ್ಕ್ ಕೆರೆದು ತೆಗೆಯಿರಿ. ಚೂರು ಒಳಗೆ ಬಿದ್ದರೆ ಕೆಳಗಿನ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳಬಹುದು.

6. ಮುಚ್ಚಳವನ್ನು ಡೀಸೆಲ್‌ನಲ್ಲಿ ತೊಳೆದು ಒಣಗಿಸಿ, ಸಮನಾದ ಕಲ್ಲಿನ ಮೇಲೆ ಬೋರಲು ಹಾಕದೆ ಅಂಚು ಕೆಳಗೆ ಕೂರುವಂತೆ ಇಡಿ. ಅಲ್ಲಾಡಿದರೆ ಬಗ್ಗಿದೆ ಎಂದರ್ಥ. ನಮ್ಮದು ಬಗ್ಗಿತ್ತು! ಅಜ್ಜ ಮರದ ಹಲಗೆ ಮೇಲೆ ಇಟ್ಟು ಮರದ ಸುತ್ತಿಗೆಯಿಂದ ತಟ್ಟಿ ನೇರ ಮಾಡಿದರು. ಅದಕ್ಕೇ ಒಂದು ಗಂಟೆ ಹಿಡಿಯಿತು.

7. ಹೊಸ ಪ್ಯಾಕಿಂಗನ್ನು ಮುಚ್ಚಳದ ಕಡೆ ಮಾತ್ರ ತೆಳುವಾಗಿ ಅಂಟು ಹಚ್ಚಿ ಕೂರಿಸಿ. ಇಂಜಿನ್ ಕಡೆಗೆ ಅಂಟು ಬೇಡ, ಗ್ರೀಸ್ ಸವರಿದರೆ ಸಾಕು. ಮುಂದಿನ ಸಲ ಹರಿಯದೆ ಬಿಡುತ್ತದೆ.

8. ಒಳಗೆ ಹೊದಿಸಿದ ಬಟ್ಟೆ ತೆಗೆದಿರಾ ಎಂದು ಇನ್ನೊಮ್ಮೆ ನೋಡಿ. ಮುಚ್ಚಳ ಇಟ್ಟು, ಹೊಸ ರಬ್ಬರ್ ಹಾಕಿ, ನಟ್ಟುಗಳನ್ನು ಬೆರಳಿನಿಂದ ಕೂರಿಸಿ. ಆಮೇಲೆ ಪಾನಾದಿಂದ ಇದಕ್ಕೆ ಸ್ವಲ್ಪ, ಅದಕ್ಕೆ ಸ್ವಲ್ಪ ಎಂದು ಬಿಗಿ ಮಾಡಿ. ಪೈಪು ಮರಳಿ ಹಾಕಿ.

ಎಷ್ಟು ಬಿಗಿ?

ಇಲ್ಲೇ ಎಲ್ಲರೂ ತಪ್ಪುವುದು. ಅಜ್ಜ ಪಾನಾದ ತುದಿ ಹಿಡಿಯಲು ಬಿಡಲಿಲ್ಲ, ನಟ್ಟಿನ ಹತ್ತಿರ ಹಿಡಿಯಲು ಹೇಳಿದರು. ಸನ್ನೆಕೋಲಿನ ಪಾಠದಲ್ಲಿ ಓದಿದ್ದೇವಲ್ಲ, ಅದೇ ಬಲಕ್ಕೆ 20 ಸೆಂ.ಮೀ. ದೂರ ಹಿಡಿದರೆ ಬರುವ ತಿರುಗುಬಲದ ಅರ್ಧ ಮಾತ್ರ 10 ಸೆಂ.ಮೀ. ದೂರದಲ್ಲಿ ಬರುತ್ತದೆ. ಕಾರ್ಕ್ ಒತ್ತಿಕೊಂಡಿತು ಅನ್ನಿಸಿದ ತಕ್ಷಣ ಕೈ ನಿಲ್ಲಿಸಬೇಕು.

ಆಮೇಲೆ ಆಯಿಲ್ ಮಟ್ಟವನ್ನು ಕಡ್ಡಿ ಎಳೆದು ನೋಡಿ, ಕಡಿಮೆಯಿದ್ದರೆ ತುಂಬಿ. ಇಂಜಿನ್ ಹತ್ತು ನಿಮಿಷ ಓಡಿಸಿ ಟಾರ್ಚ್ ಬಿಟ್ಟು ಅಂಚು ನೋಡಿ. ಮ್ಯಾನಿಫೋಲ್ಡ್ ಮೇಲೆ ಮೊದಲೇ ಬಿದ್ದ ಎಣ್ಣೆಯಿಂದ ಮೊದಮೊದಲು ಸ್ವಲ್ಪ ವಾಸನೆ ಬರಬಹುದು, ಆದ್ದರಿಂದ ಅದನ್ನು ಮುಂಚೆಯೇ ಒರೆಸಿಡಿ. ಎರಡು ದಿನ ಬಿಟ್ಟು, ಇಂಜಿನ್ ತಣ್ಣಗಿರುವಾಗ ನಟ್ಟು ಸಡಿಲವಾಗಿದೆಯಾ ನೋಡಿ. ಎಣ್ಣೆ ಬಟ್ಟೆಗಳನ್ನು ಒಲೆ ಹತ್ತಿರ, ಬಾವಿ ಹತ್ತಿರ ಎಸೆಯಬೇಡಿ. ಹುಡುಗರು ಯಾರೂ ದೊಡ್ಡವರಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಈಗ ಮಾವನ ಕಾರಿನ ಕೆಳಗೆ ಒಂದು ಹನಿ ಎಣ್ಣೆಯೂ ಇಲ್ಲ. ಮೊನ್ನೆ ರಾತ್ರಿ ಮತ್ತೆ ಬಾಗಿಲು ತಟ್ಟಿದರು, ಜ್ವರ ಬಂದ ಮಗು. ಕಾರು ಎಲ್ಲೂ ನಿಲ್ಲದೆ ಆಸ್ಪತ್ರೆ ಮುಟ್ಟಿತು. ಶಕ್ತಿಗಿಂತ ಯುಕ್ತಿ ಮೇಲು ಎಂಬ ಗಾದೆ ನಟ್ಟಿಗೂ ಸಲ್ಲುತ್ತದೆ.

ಯೋಚಿಸಿ ಉತ್ತರಿಸಿ: ನಿಮ್ಮ ಮನೆಯ ಕುಕ್ಕರ್ ಮುಚ್ಚಳದ ರಬ್ಬರ್ ಹಳತಾದಾಗ ಅಂಚಿನಿಂದ ಹಬೆ ಯಾಕೆ ಬರುತ್ತದೆ? ಉತ್ತರವನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಅಂಟಿಸಿ.

– 9ನೇ ತರಗತಿಯ ವಿದ್ಯಾರ್ಥಿ